ಸೌರ ಘಟಕ ಬರುತ್ತಿದೆ, ಜಮೀನಿಲ್ಲದವರಿಗೆ ಅದರಲ್ಲೇನಿದೆ? ಅನುಭವಸ್ಥರು ಹೇಳಿ

ಕೇಳಿದವರು: ಸಮಿತಿಯ ಕಾರ್ಯದರ್ಶಿ

ನಮ್ಮದು ಸುಮಾರು 140 ಮನೆಗಳ ಊರು. ಸೌರ ಪ್ಯಾನೆಲ್, ಬ್ಯಾಟರಿ ಬ್ಯಾಂಕ್, ನಾಲ್ಕು ನೀರಾವರಿ ಪಂಪು, ತರಕಾರಿ ಇಡಲು ಒಂದು ಸಣ್ಣ ಶೀತಲ ಕೋಣೆ, ಇಷ್ಟಕ್ಕೆ ಅನುದಾನ ಮಂಜೂರಾಗಿದೆ. ಯಂತ್ರಕ್ಕೆ ದುಡ್ಡಿದೆ, ನಡೆಸುವುದಕ್ಕೆ ಇಲ್ಲ. ಪಂಪು ಜಮೀನಿದ್ದವರಿಗೆ ಬೇಕು, ಶೀತಲ ಕೋಣೆ ಮಾರುವಷ್ಟು ಬೆಳೆಯುವವರಿಗೆ ಬೇಕು. ಐವತ್ತು ಮನೆಗಳಿಗೆ ಎರಡೂ ಬೇಡ, ಯಾಕೆಂದರೆ ಅವರು ಕೂಲಿಗೆ ಹೋಗುವವರು. ಅವರಿಗೆ ತಲೆಗೊಂದು ಬಲ್ಬು ಕೊಟ್ಟು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಇಂಥದ್ದನ್ನು ನಡೆಸಿದವರು, ನಡೆಸಲು ಹೋಗಿ ಕೈಸುಟ್ಟುಕೊಂಡವರು ದಯವಿಟ್ಟು ಬರೆಯಿರಿ. ಯಾವ ಕಂಪನಿಯ ಪ್ಯಾನೆಲ್ ಒಳ್ಳೆಯದು ಅನ್ನುವ ಚರ್ಚೆ ಬೇಡ.

ಬ್ಯಾಟರಿ, ಇನ್ವರ್ಟರ್ ರಿಪೇರಿ ಮಾಡುವವನು

ಸರ್, ನನ್ನನ್ನು ಕರೆಯುವುದೇ ಎಲ್ಲ ಕೆಟ್ಟ ಮೇಲೆ. ಹಾಗಾಗಿ ನನ್ನ ಮಾತು ಸ್ವಲ್ಪ ಕಹಿಯಾದೀತು. ಪ್ಯಾನೆಲ್ ಬಗ್ಗೆ ನೀವು ತಲೆ ಕೆಡಿಸಿಕೊಳ್ಳದಿರುವುದು ಸರಿಯೇ. 25 ವರ್ಷವಾದ ಮೇಲೂ ಮೊದಲಿನ ಶೇ 80ರಷ್ಟು ಕರೆಂಟು ಕೊಡುತ್ತದೆ ಎಂದು ತಯಾರಕರೇ ವಾರಂಟಿ ಬರೆದುಕೊಡುವ ವಸ್ತು ಅದು. ಸಾಯುವುದು ಬ್ಯಾಟರಿ. ಲೆಡ್ ಆಸಿಡ್ ಬ್ಯಾಟರಿಯನ್ನು ದಿನಾ ಅರ್ಧಕ್ಕಿಂತ ಕೆಳಗೆ ಇಳಿಸುತ್ತಿದ್ದರೆ ಮೂರ್ನಾಲ್ಕು ವರ್ಷಕ್ಕೆ ಅದರ ಕಥೆ ಮುಗಿಯಿತು. ಡಿಸ್ಟಿಲ್ಡ್ ವಾಟರ್ ಹಾಕುವುದು ಮರೆತರೆ ಇನ್ನೂ ಬೇಗ. ಲಿಥಿಯಂ ಐರನ್ ಫಾಸ್ಫೇಟ್ ಅನ್ನುವ ಇನ್ನೊಂದು ಜಾತಿಯ ಬ್ಯಾಟರಿ ಆದರೆ ಹತ್ತು ವರ್ಷದ ಹತ್ತಿರ ಬಾಳಬಹುದು. ಆದರೆ ಅದರೊಳಗಿನ ಬೋರ್ಡು ಕೆಟ್ಟರೆ ಮುಟ್ಟುವವರು ಸುತ್ತಮುತ್ತ ಇರುವುದಿಲ್ಲ.

ಒಂದು ಕಡೆ ಐದನೇ ವರ್ಷ ಕರೆದರು. ಹೋಗಿ ನೋಡಿದರೆ ಬ್ಯಾಟರಿ ಕೋಣೆಯಲ್ಲಿ ಮೇಕೆ ಕಟ್ಟಿದ್ದರು. 'ಹೊಸ ಬ್ಯಾಟರಿಗೆ ಅರ್ಜಿ ಹಾಕಿದ್ದೇವೆ' ಅಂದರು. ಅರ್ಜಿ ಹಾಕಿ ಒಂದೂವರೆ ವರ್ಷವಾಗಿತ್ತು. ಅಷ್ಟರಲ್ಲಿ ಕೈಯಲ್ಲಿ ದುಡ್ಡಿದ್ದ ಹತ್ತು ಹನ್ನೆರಡು ಮನೆಯವರು ತಮ್ಮ ತಮ್ಮ ಮಾಳಿಗೆ ಮೇಲೆ ಸ್ವಂತ ಪ್ಯಾನೆಲ್ ಹಾಕಿಸಿಕೊಂಡಿದ್ದರು. ಊರಿನ ಘಟಕ ಹಾಳಾಯಿತು ಅನ್ನುತ್ತಾರಲ್ಲ, ಅದು ಊರಿಗೆಲ್ಲ ಒಂದೇ ಥರ ಹಾಳಾಗುವುದಿಲ್ಲ. ಉಳ್ಳವರಿಗೆ ಇನ್ನೊಂದು ದಾರಿ ಇದ್ದೇ ಇರುತ್ತದೆ.

ಆದ್ದರಿಂದ ಮೊದಲ ತಿಂಗಳಿಂದಲೇ ಬ್ಯಾಟರಿಗೆಂದು ಬೇರೆ ಖಾತೆ ತೆರೆಯಿರಿ. ಆ ದುಡ್ಡನ್ನು ಹಬ್ಬಕ್ಕೂ ಮುಟ್ಟುವಂತಿಲ್ಲ, ಶೀತಲ ಕೋಣೆ ರಿಪೇರಿಗೂ ಮುಟ್ಟುವಂತಿಲ್ಲ ಎಂದು ಠರಾವು ಮಾಡಿ. ಹಳೆ ಬ್ಯಾಟರಿಯ ಸೀಸಕ್ಕೂ ಬೆಲೆ ಇದೆ, ಅದನ್ನು ಮರುಬಳಕೆ ಘಟಕಕ್ಕೇ ಕೊಡಿ. ಹಿತ್ತಲಲ್ಲಿ ಒಡೆದು ಸೀಸ ಕರಗಿಸಲು ಬಿಟ್ಟರೆ ಅಲ್ಲಿ ಆಡುವ ಮಕ್ಕಳ ಮೈಗೆ ವಿಷ ಸೇರುತ್ತದೆ.

ಇನ್ನು ಉಸ್ತುವಾರಿ. ಆ ಐವತ್ತು ಮನೆಗಳಿಂದಲೇ ಇಬ್ಬರನ್ನು ಆರಿಸಿ ಸಂಬಳ ಕೊಟ್ಟು ಇಟ್ಟುಕೊಳ್ಳಿ. ಹೆಂಗಸರಾದರೆ ಇನ್ನೂ ಒಳ್ಳೆಯದು. 1972ರಲ್ಲಿ ರಾಜಸ್ಥಾನದ ತಿಲೋನಿಯಾದಲ್ಲಿ ಶುರುವಾದ ಬೇರ್‌ಫೂಟ್ ಕಾಲೇಜು ಓದುಬರಹ ಬಾರದ ಅಜ್ಜಿಯರಿಗೆ ಆರು ತಿಂಗಳಲ್ಲಿ ಸೌರ ದೀಪ ಜೋಡಿಸುವುದು, ರಿಪೇರಿ ಮಾಡುವುದು ಕಲಿಸಿದೆ. ಬೇರೆ ಬೇರೆ ದೇಶದವರು ಬರುತ್ತಿದ್ದರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ತಂತಿಯ ಬಣ್ಣ ನೋಡಿ, ಕೈಸನ್ನೆ ನೋಡಿ ಕಲಿತರು. ಹುಡುಗರಿಗೆ ಕಲಿಸಿದರೆ ಸರ್ಟಿಫಿಕೇಟ್ ಹಿಡಿದುಕೊಂಡು ಪಟ್ಟಣದ ಬಸ್ಸು ಹತ್ತುತ್ತಾರೆ, ಅಜ್ಜಿ ಊರು ಬಿಡುವುದಿಲ್ಲ ಅನ್ನುವುದು ಅಲ್ಲಿನವರ ಲೆಕ್ಕ. ನಾನು ತಯಾರು ಮಾಡಿದ ನಾಲ್ಕು ಹುಡುಗರಲ್ಲಿ ಮೂವರು ಈಗ ಪಟ್ಟಣದಲ್ಲಿದ್ದಾರೆ. ಲೆಕ್ಕ ಸರಿಯಾಗಿಯೇ ಇದೆ.

ಹಿಟ್ಟಿನ ಗಿರಣಿ ನಡೆಸುವವಳು

ಅಣ್ಣಾ, ಕರೆಂಟು ಬಂದರೆ ಆದಾಯ ತಾನೇ ಬರುತ್ತದೆ ಎಂದು ನಿಮ್ಮ ಸಮಿತಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಗುಂಪಿನಲ್ಲಿ ಏಳು ಜನ ಸೌರ ಕರೆಂಟಿನ ಹೊಲಿಗೆ ಯಂತ್ರ ತೆಗೆದುಕೊಂಡೆವು. ಕಾಲಲ್ಲಿ ತುಳಿಯುವುದು ತಪ್ಪಿತು, ದಿನಕ್ಕೆ ಎರಡರಷ್ಟು ಪೀಸು ಹೊಲಿಯತೊಡಗಿದೆವು. ಮೂರನೇ ತಿಂಗಳು ಕೆಲಸ ಕೊಡುವ ಮೇಸ್ತ್ರಿ ಬಂದು 'ಈಗ ನಿಮಗೆ ಸುಲಭವಾಯಿತಲ್ಲ' ಅಂತ ಪೀಸಿನ ರೇಟು ಇಳಿಸಿದ! ಯಂತ್ರದ ಕಂತು ನಮ್ಮದು, ಉಳಿದ ಲಾಭ ಅವನದು. ಏಳೂ ಜನ ಒಟ್ಟಿಗೆ ಕೂತು ಹದಿನೈದು ದಿನ ಕೆಲಸ ತೆಗೆದುಕೊಳ್ಳದೆ ಇದ್ದದ್ದಕ್ಕೆ ಇಳಿಸಿದ್ದರಲ್ಲಿ ಅರ್ಧ ವಾಪಸ್ ಬಂತು. ಒಬ್ಬೊಬ್ಬಳೇ ಸಾಲ ಮಾಡಿ ಯಂತ್ರ ತಂದಿದ್ದರೆ ಅದೂ ಆಗುತ್ತಿರಲಿಲ್ಲ. ಯಂತ್ರ ಕೊಡಿಸುವ ಮೊದಲು ಮಾಲು ಯಾರು ಕೊಳ್ಳುತ್ತಾರೆ, ರೇಟು ಯಾರು ಕಟ್ಟುತ್ತಾರೆ ಎಂದು ಕೇಳಿ.

ಗಿರಣಿ ಇಡುವ ಯೋಚನೆ ಇದ್ದರೆ ಮೋಟಾರಿನ ವಿಷಯ ಈಗಲೇ ಎಂಜಿನಿಯರ್‌ಗೆ ಹೇಳಿ. ಮೋಟಾರು ಶುರುವಾಗುವ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ನಮ್ಮಲ್ಲಿ ಪ್ರತಿ ಸಲ ಇನ್ವರ್ಟರ್ ಟ್ರಿಪ್ ಆಗಿ ಊರ ದೀಪವೆಲ್ಲ ಆರುತ್ತಿತ್ತು, ಬೈಗುಳ ನನಗೆ. ಮೋಟಾರನ್ನು ನಿಧಾನಕ್ಕೆ ಶುರುಮಾಡುವ ಸಾಫ್ಟ್ ಸ್ಟಾರ್ಟರ್ ಹಾಕಿಸಿದ ಮೇಲೆ ಸರಿಹೋಯಿತು. ಗಿರಣಿಯನ್ನು ಬಿಸಿಲು ಹೊತ್ತಿನಲ್ಲೇ ಓಡಿಸಿ, ಬ್ಯಾಟರಿಗೆ ಹೊರೆ ಬೀಳುವುದಿಲ್ಲ.

ಮತ್ತೆ ಸಭೆ. ಸಂಜೆ ಏಳಕ್ಕೆ ಸಭೆ ಕರೆದು 'ಹೆಂಗಸರು ಬರಲೇ ಇಲ್ಲ' ಎಂದು ನಡಾವಳಿ ಪುಸ್ತಕದಲ್ಲಿ ಬರೆಯುವವರನ್ನು ಬಹಳ ನೋಡಿದ್ದೇನೆ. ಆ ಹೊತ್ತಿಗೆ ಒಲೆ ಮುಂದೆ ಯಾರಿರುತ್ತಾರೆ?

ಸಹಕಾರ ಸಂಘದ ಲೆಕ್ಕ ಬರೆಯುವವರು

ಶುಲ್ಕದ ವಿಷಯ ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಪುಕ್ಕಟೆ ಕೊಡುವುದು ಬಡವರ ಪರ ಎಂದು ಮೊದಲು ನಾನೂ ವಾದಿಸಿದ್ದೆ. ಪುಕ್ಕಟೆಯಾದರೆ ಬ್ಯಾಟರಿ ನಿಧಿ ಎಲ್ಲಿಂದ ಬರಬೇಕು? ಆದರೆ ಎಲ್ಲರಿಗೂ ತಿಂಗಳಿಗೆ ಒಂದೇ ಮೊತ್ತ ಅನ್ನುವುದೂ ಅನ್ಯಾಯವೇ. ಕೂಲಿಯವರ ಕೈಗೆ ದುಡ್ಡು ವಾರಕ್ಕೊಮ್ಮೆ ಬರುತ್ತದೆ, ಕೆಲವು ತಿಂಗಳು ಬರುವುದೇ ಇಲ್ಲ. ಕೆನ್ಯಾದಲ್ಲಿ 2007ರಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣ ಬಂದ ನಂತರ ಸೌರ ದೀಪಕ್ಕೆ ದಿನದ ಲೆಕ್ಕದಲ್ಲಿ ಚಿಲ್ಲರೆ ಚಿಲ್ಲರೆಯಾಗಿ ಕಟ್ಟುವ ಪದ್ಧತಿ ಬೆಳೆಯಿತು. ಬಡವರಿಗೆ ಒಗ್ಗುವ ಲಯ ಅದು. ಅದರ ಇನ್ನೊಂದು ಮುಖವೆಂದರೆ, ಕಟ್ಟದಿದ್ದರೆ ದೂರದಿಂದಲೇ ದೀಪಕ್ಕೆ ಬೀಗ ಬೀಳುತ್ತದೆ. ಬೀಗಕ್ಕೆ ಮನೆಯ ಕಷ್ಟ ಕಾಣುವುದಿಲ್ಲ.

ನಾವು ಮಾಡಿದ್ದು ಇಷ್ಟು: ಮೊದಲ ಬಾಕಿಗೆ ಮನೆಗೆ ಹೋಗಿ ವಿಚಾರಿಸುವುದು, ಎರಡನೆಯದಕ್ಕೆ ಸಂಜೆಯ ದೀಪವೊಂದನ್ನು ಬಿಟ್ಟು ಉಳಿದದ್ದು ಬಂದ್, ಮೂರನೆಯದಕ್ಕೆ ಪೂರ್ತಿ ಬಂದ್. ತಪ್ಪಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಏರುವ ದಂಡ, ಅದನ್ನು ಬಳಕೆದಾರರೇ ನಿರ್ಧರಿಸುವುದು, ಇವೆರಡೂ ಇರುವಲ್ಲಿ ಜನರ ಸಾಮೂಹಿಕ ಆಸ್ತಿ ಬಹುಕಾಲ ಉಳಿಯುತ್ತದೆ ಎಂಬುದನ್ನು ಅಮೆರಿಕದ ವಿದ್ವಾಂಸೆ ಎಲಿನರ್ ಆಸ್ಟ್ರಂ ಜಗತ್ತಿನ ಹತ್ತಾರು ಕಡೆಯ ಉದಾಹರಣೆಗಳಿಂದ ತೋರಿಸಿದರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ನಮಗೆ ಇದು ಆಮೇಲೆ ಗೊತ್ತಾಯಿತು. ನಮ್ಮ ನಿಯಮ ಹುಟ್ಟಿದ್ದು ಒಂದು ರಾತ್ರಿಯ ಜಗಳದಿಂದ, ಅದೂ ಮೊದಲು ಬಾಕಿ ಉಳಿಸಿಕೊಂಡವರು ಸಮಿತಿ ಅಧ್ಯಕ್ಷರೇ ಆಗಿದ್ದರಿಂದ. ಅವರ ಮನೆಯ ಸಂಪರ್ಕ ಕಿತ್ತ ದಿನ ಉಳಿದ ಒಂಬತ್ತು ಬಾಕಿಯೂ ಸಂಜೆಯೊಳಗೆ ಜಮಾ ಆಯಿತು.

ನಿವೃತ್ತ ನೀರಾವರಿ ಎಂಜಿನಿಯರ್

ಕಾರ್ಯದರ್ಶಿಗಳೇ, ನಿಮ್ಮ ಪ್ರಶ್ನೆ ಹೊಸದಲ್ಲ. ಹಳೆಯ ಎರಡು ಮೂರು ಪ್ರಯೋಗಗಳನ್ನು ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ತುಮಕೂರು ಜಿಲ್ಲೆಯ ಪುರ ಎಂಬ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರ ತಂಡ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಘಟಕ ಕಟ್ಟಿತು. ಉದ್ದೇಶ ಅಡುಗೆ. ಗ್ಯಾಸು ಎಲ್ಲರ ಒಲೆಗೆ ಸಾಲಲಿಲ್ಲ, ಜನರ ಆಸಕ್ತಿ ಹೋಯಿತು. ಅವರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟು ತೆಗೆದು, ಕೊಳವೆಬಾವಿಯ ನೀರು ಮನೆಗಳಿಗೆ ಹರಿಸಿ, ದೀಪವನ್ನೂ ಕೊಟ್ಟಾಗ ಘಟಕಕ್ಕೆ ಜೀವ ಬಂತು. ಸಗಣಿ ಕೊಟ್ಟ ಮನೆಗೆ ಅದಕ್ಕೆ ತಕ್ಕಷ್ಟು ಗೊಬ್ಬರ ವಾಪಸ್, ತಂದು ಹಾಕಿದವರಿಗೆ ತೂಕದ ಲೆಕ್ಕದಲ್ಲಿ ಸಣ್ಣ ಮೊತ್ತ. ದನ ಒಬ್ಬರದ್ದು, ಹೊರುವ ತಲೆ ಇನ್ನೊಬ್ಬರದ್ದು ಆಗಿರಬಹುದು. ಹೊತ್ತದ್ದಕ್ಕೂ ಬೆಲೆ ಕಟ್ಟಿದ್ದನ್ನು ನೀವು ಗಮನಿಸಬೇಕು.

ಎರಡನೆಯದು ನಿಮ್ಮ ನಾಲ್ಕು ಪಂಪು. ಡೀಸೆಲ್ ಪಂಪಿಗೆ ಎಣ್ಣೆಯ ಖರ್ಚೇ ಲಗಾಮು. ಸೌರ ಪಂಪಿಗೆ ಬಿಸಿಲಿಗೇನು ದುಡ್ಡು ಕೊಡಬೇಕಿಲ್ಲವಾದ್ದರಿಂದ ಬೆಳಗಿನಿಂದ ಸಂಜೆಯವರೆಗೆ ಓಡಿಸುತ್ತಾರೆ, ಅಂತರ್ಜಲ ಇಳಿಯುತ್ತದೆ. ಮೊದಲು ಬತ್ತುವುದು ಆಳವಿಲ್ಲದ ಬಾವಿ, ಅಂದರೆ ಬಡವರ ಬಾವಿ. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿಯಲ್ಲಿ ಆರು ರೈತರು ಸೌರ ಪಂಪಿನ ಸಹಕಾರ ಸಂಘ ಮಾಡಿಕೊಂಡು, 2016ರಿಂದ ಮಿಕ್ಕ ಕರೆಂಟನ್ನು ಗ್ರಿಡ್‌ಗೆ, ಅಂದರೆ ಊರೂರಿಗೆ ಕರೆಂಟು ಹಂಚುವ ದೊಡ್ಡ ಜಾಲಕ್ಕೆ, ಮಾರತೊಡಗಿದರು. ಪಂಪು ನಿಲ್ಲಿಸಿದರೂ ಆದಾಯ ಬರುತ್ತದೆ ಅಂದಾಗ ನೀರು ಎತ್ತುವ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ ಎಂಬುದು ಅದರ ಹಿಂದಿನ ತರ್ಕ. ನಿಮ್ಮಲ್ಲಿ ಗ್ರಿಡ್ ಇಲ್ಲದಿದ್ದರೆ ಪಂಪು ನಿಂತಾಗಿನ ಕರೆಂಟನ್ನು ಶೀತಲ ಕೋಣೆಗೆ ತಿರುಗಿಸಿ. ಹಗಲು ಮಂಜುಗಡ್ಡೆ ಕಟ್ಟಿಸಿ ರಾತ್ರಿ ಅದರ ತಂಪಿನಲ್ಲೇ ಕೋಣೆ ಕಾಯುವ ವ್ಯವಸ್ಥೆ ಇದೆ, ಬ್ಯಾಟರಿಗಿಂತ ಅಗ್ಗ, ಹೆಚ್ಚು ಬಾಳಿಕೆ.

ಮೂರನೆಯದಕ್ಕೂ ಸೌರಶಕ್ತಿಗೂ ಸಂಬಂಧವಿಲ್ಲ. ಆದರೆ ನಿಮ್ಮ ಐವತ್ತು ಮನೆಗಳಿಗೆ ಉತ್ತರ ಅಲ್ಲೇ ಇದೆ ಎಂದು ನನ್ನ ಅನಿಸಿಕೆ. 1972ರ ಬರದ ನಂತರ ಮಹಾರಾಷ್ಟ್ರದ ಪುರಂದರ ತಾಲ್ಲೂಕಿನಲ್ಲಿ ವಿಲಾಸರಾವ್ ಸಾಳುಂಖೆ ಪಾನಿ ಪಂಚಾಯತ್ ಕಟ್ಟಿದರು. ನೀರಿನ ಪಾಲು ಎಕರೆ ನೋಡಿ ಹಂಚುವುದಲ್ಲ, ಮನೆಯ ತಲೆ ಎಣಿಸಿ ಹಂಚುವುದು. ಜಮೀನಿಲ್ಲದವನಿಗೂ ಪಾಲು ಉಂಟು. ಜಮೀನು ಮಾರಿದರೆ ಅದರ ಜೊತೆ ನೀರಿನ ಹಕ್ಕು ಹೋಗುವುದಿಲ್ಲ. ಕಬ್ಬು ಬೆಳೆಯುವಂತಿಲ್ಲ. ಹರಿಯಾಣದ ಸುಖೋಮಾಜ್ರಿಯಲ್ಲೂ ಜಮೀನಿದ್ದವರು, ಇಲ್ಲದವರು ಎನ್ನದೆ ಪ್ರತಿ ಮನೆಗೂ ನೀರಿನಲ್ಲಿ ಸಮಪಾಲು ಕೊಟ್ಟರು, ತನಗೆ ಬೇಡದ ಪಾಲನ್ನು ಮಾರಿಕೊಳ್ಳಬಹುದಿತ್ತು. ನಿಮ್ಮ ಘಟಕದ ಒಂದು ದಿನದ ಯೂನಿಟ್ಟುಗಳನ್ನು 140 ಪಾಲು ಮಾಡಿ ನೋಡಿ. ಪಂಪಿಗೆ ಹೆಚ್ಚು ಕರೆಂಟು ಬೇಕಾದವನು ಕೂಲಿಯವನ ಪಾಲನ್ನು ದುಡ್ಡು ಕೊಟ್ಟು ಕೊಳ್ಳಲಿ. ಆಗ ಆ ಮನೆ ಫಲಾನುಭವಿಯ ಪಟ್ಟಿಯಿಂದ ಮಾಲೀಕರ ಪಟ್ಟಿಗೆ ಬರುತ್ತದೆ. ಜಮೀನುದಾರರು ಒಪ್ಪಲಿಕ್ಕಿಲ್ಲ, ಗಲಾಟೆ ಆದೀತು. ಯಂತ್ರ ಕೂರಿಸುವ ಮೊದಲೇ ಆಗಲಿ.

ಕೂಲಿಕಾರರ ಸಂಘಟನೆಯಲ್ಲಿ ಇರುವವಳು

ಎಂಜಿನಿಯರ್ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪಾವಗಡದ ಸೌರ ಪಾರ್ಕ್ 2,050 ಮೆಗಾವಾಟಿನದು, ಸುಮಾರು 13,000 ಎಕರೆ. ಜಮೀನು ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ, ಗುತ್ತಿಗೆಗೆ ಪಡೆದು ರೈತರಿಗೆ ವರ್ಷಾವರ್ಷ ಬಾಡಿಗೆ ಕೊಡುವ ಏರ್ಪಾಟು. ಬರದ ಸೀಮೆಯ ರೈತನಿಗೆ ಅದು ದೊಡ್ಡ ಆಸರೆ, ಅಲ್ಲಗಳೆಯುವುದಿಲ್ಲ. ಆದರೆ ಬಾಡಿಗೆ ಪಹಣಿಯ ಹಿಂದೆ ಹೋಗುತ್ತದೆ. ಅದೇ ಹೊಲದಲ್ಲಿ ಕಳೆ ಕಿತ್ತು ಬದುಕುತ್ತಿದ್ದವರ ಹೆಸರಿಗೆ ಪಹಣಿ ಎಲ್ಲಿದೆ? ಬಿತ್ತನೆ ನಿಂತ ಜಮೀನಿನಲ್ಲಿ ಕೂಲಿಯೂ ನಿಂತಿತು. ಪ್ಯಾನೆಲ್ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲಿನ ಕೆಲಸ ಕೆಲವರಿಗೆ ಸಿಗುತ್ತದೆ ನಿಜ, ಬೇಸಾಯದಷ್ಟು ಕೈಗಳು ಅದಕ್ಕೆ ಬೇಕಾಗುವುದಿಲ್ಲ.

ಹಾಗಾಗಿ ನಿಮ್ಮ ಬೈಲಾದಲ್ಲಿ ಕೆಲಸ ಯಾರಿಗೆ ಎಂಬುದು ಹೆಸರಿನ ಸಮೇತ ಇರಲಿ. 'ಸ್ಥಳೀಯರಿಗೆ ಆದ್ಯತೆ' ಎಂಬ ಸಾಲಿನಲ್ಲಿ ಗುತ್ತಿಗೆದಾರನ ಭಾವಮೈದುನನೂ ಸ್ಥಳೀಯನೇ.

ಡೆನ್ಮಾರ್ಕಿನಲ್ಲಿ 2009ರ ಕಾಯ್ದೆ ಹೊಸ ಗಾಳಿಯಂತ್ರ ಹಾಕುವವರು ಕನಿಷ್ಠ ಶೇ 20 ಪಾಲನ್ನು ಸುತ್ತಲಿನ ನಿವಾಸಿಗಳಿಗೆ ಕೊಳ್ಳಲು ಕೊಡಬೇಕು ಎಂದಿತ್ತು. ಕೋಪನ್‌ಹೇಗನ್ ಎದುರಿನ ಸಮುದ್ರದಲ್ಲಿರುವ ಮಿಡೆಲ್‌ಗ್ರುಂಡೆನ್‌ನ 20 ಗಾಳಿಯಂತ್ರಗಳಲ್ಲಿ ಅರ್ಧ ಪಾಲು ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘದ್ದು. ಇದನ್ನು ಎಲ್ಲರೂ ಕೊಂಡಾಡುತ್ತಾರೆ. ನನಗೆ ಅನ್ನಿಸುವುದು, 'ಕೊಳ್ಳಲು ಅವಕಾಶ' ಎಂದರೆ ಕೊಳ್ಳುವ ಶಕ್ತಿ ಇದ್ದವರಿಗೆ ಅವಕಾಶ. ನಿಮ್ಮಲ್ಲಿ ಷೇರು ಮಾಡುವುದಾದರೆ ಕೂಲಿಯವರು ಶ್ರಮವನ್ನೇ ಷೇರು ಹಣವಾಗಿ ಕಟ್ಟುವಂತಿರಲಿ. ಕಂಬದ ಗುಂಡಿ ತೋಡುವುದಕ್ಕೆ, ತಂತಿ ಎಳೆಯುವುದಕ್ಕೆ ಹೇಗೂ ಅವರೇ ಬರುವವರು.

ದೀಪ ಮಾರುತ್ತಿದ್ದವನು, ಈಗ ಬಿಟ್ಟಿದ್ದೇನೆ

ಒಂದೇ ಮಾತು. ನಾಳೆ ದೊಡ್ಡ ಗ್ರಿಡ್ ಬಂದರೆ ಏನು ಮಾಡುತ್ತೀರಿ, ಇವತ್ತೇ ಬರೆದಿಡಿ. ಬಾಂಗ್ಲಾದೇಶದಲ್ಲಿ 2003ರಿಂದ ಕಂತಿನ ಮೇಲೆ 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಸೌರ ದೀಪ ಹೋಯಿತು, ಜಗತ್ತೇ ಬೆರಗಾಯಿತು. ಗ್ರಿಡ್ ತಂತಿ ಬೇಗ ಬೇಗ ಹಳ್ಳಿಗೆ ಬಂತು, ಇನ್ನೊಂದು ಕಡೆ ಪುಕ್ಕಟೆ ದೀಪ ಹಂಚಿಕೆಯೂ ಶುರುವಾಯಿತು, ಹೊಸ ಗಿರಾಕಿಗಳು ನಿಂತರು, ಹಳಬರು ಕಂತು ಕಟ್ಟುವುದು ಬಿಟ್ಟರು. ನಾನೂ ಸಣ್ಣ ಮಟ್ಟದಲ್ಲಿ ಹೀಗೆಯೇ ಮುಳುಗಿದವನು. ಗ್ರಿಡ್‌ಗೆ ಮಾರಬಹುದಾದ ಇನ್ವರ್ಟರನ್ನೇ ಕೇಳಿ ಹಾಕಿಸಿಕೊಳ್ಳಿ. ಆಮೇಲೆ ಬದಲಿಸಲು ಅನುದಾನ ಸಿಗದು.

ಕೇಳಿದವರು: ಸಮಿತಿಯ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಸಮಿತಿಯಲ್ಲಿ 140 ಪಾಲಿನ ಮಾತು ಎತ್ತಿದೆ. ಇಬ್ಬರು ಎದ್ದು ಹೋದರು. ಉಳಿದವರು ಪಾಲು ಕೊಡೋಣ, ಆದರೆ ಪಂಪಿನ ಹಂಗಾಮಿನಲ್ಲಿ ಅದರ ದರವನ್ನು ಸಂಘವೇ ಕಟ್ಟಬೇಕು, ಮನೆಯವರು ಬಾಯಿಗೆ ಬಂದಂತೆ ಕೇಳಬಾರದು ಅನ್ನುವಲ್ಲಿಗೆ ಬಂದು ನಿಂತಿದ್ದಾರೆ. ಗಿರಣಿ ಅಕ್ಕ ಹೇಳಿದ ಮೇಸ್ತ್ರಿಯ ನೆನಪಾಯಿತು. ದರ ಕಟ್ಟುವ ಕಡೆ ಯಾರು ಕೂರುತ್ತಾರೆ ಎಂದು ಕೇಳಿದೆ, ಯಾರೂ ಉತ್ತರಿಸಲಿಲ್ಲ. ಐವತ್ತು ಮನೆಗಳಿಂದ ಮೂವರಾದರೂ ಅಲ್ಲಿರಬೇಕು ಎಂದು ನಾನು ಹಠ ಹಿಡಿದಿದ್ದೇನೆ. ಬ್ಯಾಟರಿ ಖಾತೆಗೆ ಎಲ್ಲರೂ ಒಪ್ಪಿದರು, ಮೇಕೆಯ ಕಥೆ ಕೆಲಸ ಮಾಡಿತು.

ಮುಂದಿನ ಸಭೆ ಮಂಗಳವಾರ ಸಂಜೆ ಏಳಕ್ಕೆ ಎಂದು ಚೀಟಿ ಹಂಚಿಯಾಗಿತ್ತು. ವಾಪಸ್ ತೆಗೆದುಕೊಂಡಿದ್ದೇನೆ. ಬೆಳಿಗ್ಗೆ ಇಟ್ಟರೆ ಕೂಲಿ ತಪ್ಪುತ್ತದೆ, ರಾತ್ರಿ ಇಟ್ಟರೆ ಒಲೆ. ನಾಳೆ ಆ ಮನೆಗಳಿಗೆ ಹೋಗಿ ಯಾವ ಹೊತ್ತು ಆಗುತ್ತದೆ ಎಂದು ಕೇಳಿಕೊಂಡು ಬಂದು ದಿನ ತಿಳಿಸುತ್ತೇನೆ.