₹12,000 ಕಾರ್ಡ್ ಉಜ್ಜಿದ್ರೆ ಖಾತೆಗೆ ₹11,745.12. ಉಳಿದ ದುಡ್ಡು ಯಾರಿಗೆ?

ದುರ್ಗಿಗುಡಿ_ಬಟ್ಟೆಅಂಗಡಿ
ಶಿವಮೊಗ್ಗದ ದುರ್ಗಿಗುಡೀಲಿ ಬಟ್ಟೆ ಅಂಗಡಿ, ಹೊಸದಾಗಿ ಕಾರ್ಡ್ ಮಷಿನ್ ಇಟ್ಟಿದ್ದೀವಿ. ಒಂದೇ ದಿನ ₹12,000ದ ಎರಡು ಬಿಲ್ ಆಯ್ತು. ಒಂದಕ್ಕೆ ಖಾತೆಗೆ ಬಂದಿದ್ದು ₹11,745.12, ಇನ್ನೊಂದಕ್ಕೆ ₹11,872.56. ಅದೇ ದಿನದ ₹1,800ರ ಬಿಲ್ ಮಾತ್ರ ಪೂರ್ತಿ ಬಂದಿದೆ. ಮಷಿನ್ ಒಂದೇ, ಬ್ಯಾಂಕ್ ಒಂದೇ, ಹಿಡಿಯೋದು ಮೂರು ಥರ. ಯುಪಿಐಗೆ ಒಂದು ಪೈಸೆ ಹಿಡಿಯಲ್ಲ, ಕಾರ್ಡಿಗೆ ಯಾಕೆ? ಗಿರಾಕಿ ಹತ್ರ 2% ಸೇರಿಸಿ ತಗೋಬಹುದಾ?

ಲೆಕ್ಕಪತ್ರ
ಮೂರೂ ಸರಿಯಾಗೇ ಇದೆ ಸರ್. ಮೊದಲನೇದು ಕ್ರೆಡಿಟ್ ಕಾರ್ಡ್: 1.8% ಅಂದ್ರೆ ₹216, ಅದರ ಮೇಲೆ 18% ಜಿಎಸ್‌ಟಿ ₹38.88. ಎರಡನೇದು ಡೆಬಿಟ್: 0.9%ಕ್ಕೆ ₹108, ಜಿಎಸ್‌ಟಿ ₹19.44. ₹1,800ರದ್ದು ರುಪೇ ಡೆಬಿಟ್ ಇರ್ಬೇಕು, 2020ರ ಜನವರಿ 1ರಿಂದ ಅದಕ್ಕೂ ಯುಪಿಐಗೂ ಎಂಡಿಆರ್, ಅಂದ್ರೆ ಅಂಗಡಿಯವ್ರಿಂದ ಹಿಡಿಯೋ ಈ ಶುಲ್ಕ, ಸೊನ್ನೆ. ಅದು ಪುಕ್ಕಟೆ ನಡೆಯೋ ಕೆಲಸ ಅಲ್ಲ, ಖರ್ಚನ್ನ ಬ್ಯಾಂಕುಗಳೂ ಸರ್ಕಾರದ ಪ್ರೋತ್ಸಾಹಧನವೂ ಹೊರ್ತಾ ಇವೆ, ಅಷ್ಟೇ.

ಹಿಡಿದ ದುಡ್ಡು ಮಷಿನ್ ಕೊಟ್ಟ ಬ್ಯಾಂಕಿಗೇ ಹೋಗುತ್ತೆ ಅನ್ಕೊಂಡು ಮ್ಯಾನೇಜರ್ ಹತ್ರ ಜಗಳ ಆಡೋರು ಜಾಸ್ತಿ. ದೊಡ್ಡ ಪಾಲು ಹೋಗೋದು ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ, ಇಂಟರ್‌ಚೇಂಜ್ ಅಂತಾರೆ. ವೀಸಾ, ಮಾಸ್ಟರ್‌ಕಾರ್ಡ್, ರುಪೇ ಥರದ ಜಾಲದವರಿಗೆ ಸ್ವಲ್ಪ. ಉಳಿದಿದ್ದು ಮಷಿನ್ ಬ್ಯಾಂಕಿಗೆ. ಕ್ರೆಡಿಟ್ ಕಾರ್ಡಲ್ಲಿ ನಿಮಗೆ ದುಡ್ಡು ಮಾರನೇ ದಿನ ಬಂತು, ಗಿರಾಕಿ ಕಟ್ಟೋದು ತಿಂಗಳ ಮೇಲೆ. ಆ ನಡುವಿನ ಬಡ್ಡಿ, ಕೆಲವರು ಕಟ್ಟದೇ ಹೋಗೋ ನಷ್ಟ, ರಿವಾರ್ಡ್ ಪಾಯಿಂಟು, ಎಲ್ಲಾ ಈ ಕಡಿತದಿಂದಲೇ ಏಳ್ಬೇಕು. ಡೆಬಿಟ್‌ನಲ್ಲಿ ದುಡ್ಡು ಮೊದಲೇ ಖಾತೇಲಿ ಇರುತ್ತೆ, ಸಾಲದ ಪ್ರಶ್ನೆನೇ ಇಲ್ಲ.

ಡೆಬಿಟ್‌ಗೆ ಆರ್‌ಬಿಐ 2018ರ ಜನವರಿಯಿಂದ ಮಿತಿ ಹಾಕಿದೆ. ಹಿಂದಿನ ಆರ್ಥಿಕ ವರ್ಷದ ವಹಿವಾಟು ₹20 ಲಕ್ಷದ ಒಳಗಿದ್ರೆ ಮಷಿನ್‌ನಲ್ಲಿ ಗರಿಷ್ಠ 0.40%, ಒಂದು ವ್ಯವಹಾರಕ್ಕೆ ₹200 ದಾಟೋ ಹಾಗಿಲ್ಲ. ಅದಕ್ಕಿಂತ ದೊಡ್ಡ ಅಂಗಡಿಗೆ 0.90%, ₹1,000 ದಾಟೋ ಹಾಗಿಲ್ಲ. ಗಾಂಧಿ ಬಜಾರಿನ ಚಿನ್ನದಂಗಡೀಲಿ ಡೆಬಿಟ್ ಕಾರ್ಡಲ್ಲಿ ₹2 ಲಕ್ಷ ಕೊಟ್ರೂ ₹1,000ವೇ, ₹1,800 ಅಲ್ಲ. ನಿಮಗೆ 0.9% ಬಿದ್ದಿದೆ. ವಹಿವಾಟು ₹20 ಲಕ್ಷದ ಒಳಗಿದ್ರೆ ರಿಟರ್ನ್ ಪ್ರತಿ ಕೊಟ್ಟು ದರ ಬದಲಿಸೋಕೆ ಬರವಣಿಗೇಲಿ ಕೇಳಿ. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿ ಇಲ್ಲ, ಅಲ್ಲಿ ನಿಮ್ಮ ಮಾತಿನ ಬಲವೇ ಬಲ.

2% ಸೇರಿಸೋದು ಬೇಡ. ಡೆಬಿಟ್ ಕಾರ್ಡಿಗೆ ಗಿರಾಕಿಯಿಂದ ವಸೂಲಿ ಮಾಡ್ಬಾರದು ಅಂತ ಆರ್‌ಬಿಐ 2013ರಲ್ಲೇ ಹೇಳಿದೆ. ಗಿರಾಕಿ ದೂರು ಕೊಟ್ರೆ ಮಷಿನ್ ವಾಪಸ್ ಹೋಗ್ಬಹುದು.

ಪುಸ್ತಕದಲ್ಲಿ ₹11,745 ಮಾರಾಟ ಅಂತ ಬರೀಬೇಡಿ, ಈ ತಪ್ಪು ಎಲ್ಲಾ ಕಡೆ ಕಾಣುತ್ತೆ. ಮಾರಾಟ ₹12,000, ಬ್ಯಾಂಕ್ ಖರ್ಚು ₹216, ₹38.88 ಇನ್‌ಪುಟ್ ಕ್ರೆಡಿಟ್, ಅಂದ್ರೆ ನೀವು ಕಟ್ಟೋ ಜಿಎಸ್‌ಟಿಯಲ್ಲಿ ಕಳೆಯಬಹುದಾದ ದುಡ್ಡು. ಆ ಕ್ರೆಡಿಟ್ ಸಿಗ್ಬೇಕಾದ್ರೆ ಬ್ಯಾಂಕಿಗೆ ನಿಮ್ಮ ಜಿಎಸ್‌ಟಿ ನಂಬರ್ ಕೊಟ್ಟಿರ್ಬೇಕು. ಇಲ್ದಿದ್ರೆ ಅದು ನಿಮ್ಮ 2ಬಿಯಲ್ಲಿ (ಜಿಎಸ್‌ಟಿ ಪೋರ್ಟಲ್‌ನ ಕ್ರೆಡಿಟ್ ಪಟ್ಟಿ) ಕಾಣೋದೇ ಇಲ್ಲ. ಕಾಂಪೊಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆ) ಇದ್ರೆ ಆಸೆ ಬಿಡಿ. ₹2,000 ಒಳಗಿನ ಕಾರ್ಡ್ ವ್ಯವಹಾರಕ್ಕೆ ಎಂಡಿಆರ್ ಬಿದ್ರೂ ಅದರ ಮೇಲೆ ಜಿಎಸ್‌ಟಿ ಇಲ್ಲ, ಹಿಡಿದಿದ್ರೆ ಕೇಳಿ.

ಮಷಿನ್_ರಿಪೇರಿ
ಮೇಲಿನವರು ಎಂಡಿಆರ್ ಬಗ್ಗೆ ಹೇಳಿದ್ರು, ನಾನು ಬಾಡಿಗೆ ಬಗ್ಗೆ ಹೇಳ್ತೀನಿ. ತಿಂಗಳಿಗೆ ₹400 ಬಾಡಿಗೆ, ಕಾರ್ಡಲ್ಲಿ ಆಗೋದು ₹20,000 ಅಂದ್ರೆ ಬಾಡಿಗೇನೇ 2% ಆಯ್ತು. ಎಂಡಿಆರ್‌ನಲ್ಲಿ 0.1% ಚೌಕಾಸಿ ಮಾಡಿ ಉಳಿಯೋದು ₹20. ಮೊದಲು ಬಾಡಿಗೆ ಇಳಿಸಿ.

ಇನ್ನೊಂದು, ಗಿರಾಕಿ ಸೀರೆ ಬೇಡ ಅಂತ ಅವತ್ತೇ ವಾಪಸ್ ಕೊಟ್ರೆ ಬ್ಯಾಚ್ ಸೆಟಲ್ ಮಾಡೋ ಮುಂಚೆ (ದಿನದ ವ್ಯವಹಾರ ಒಟ್ಟಾಗಿ ಬ್ಯಾಂಕಿಗೆ ಕಳಿಸೋ ಮುಂಚೆ) ಅದೇ ಮಷಿನ್‌ನಲ್ಲಿ ವಾಯ್ಡ್, ಅಂದ್ರೆ ರದ್ದು, ಒತ್ತಿ, ಸ್ಲಿಪ್‌ನಲ್ಲಿರೋ ಇನ್‌ವಾಯ್ಸ್ ನಂಬರ್ ಹಾಕಿ. ಕಡಿತವೇ ಆಗಲ್ಲ. ಬ್ಯಾಚ್ ಆದ್ಮೇಲೆ ರಿಫಂಡ್ ಮಾಡ್ಬೇಕಾಗುತ್ತೆ, ಆಗ ಎಷ್ಟೋ ಬ್ಯಾಂಕು ಮೊದಲು ಹಿಡಿದ ಎಂಡಿಆರ್ ವಾಪಸ್ ಕೊಡಲ್ಲ. ದುಡ್ಡೂ ಇಲ್ಲ, ಕಮಿಷನ್ನೂ ಹೋಯ್ತು. ಹಂಗಂತ ಕೈಯಲ್ಲಿ ನಗದು ಕೊಡ್ಬೇಡಿ, ಗಿರಾಕಿ ಆಮೇಲೆ ಬ್ಯಾಂಕಲ್ಲೂ ತಕರಾರು ಹಾಕಿದ್ರೆ ಎರಡು ಸಲ ಕೊಟ್ಟ ಹಾಗೆ.

ತೀರ್ಥಹಳ್ಳಿ_ಹೋಂಸ್ಟೇ
ಇಲ್ಲಿ ಮಳೆಗಾಲದಲ್ಲಿ ಸಿಗ್ನಲ್ ಬಂದ್ರೆ ಬಂತು. ಗಿರಾಕಿ ಮೊಬೈಲಿಗೆ ದುಡ್ಡು ಕಟ್ ಆದ ಮೆಸೇಜು, ನಮ್ಮ ಮಷಿನ್‌ನಲ್ಲಿ ಸ್ಲಿಪ್ ಇಲ್ಲ. ಆವಾಗ ಎಂತ ಮಾಡೋದು ಮಾರಾಯ್ರೆ?

ಮಷಿನ್_ರಿಪೇರಿ
ಮೆಸೇಜ್ ನಂಬ್ಬೇಡಿ. ಮಷಿನ್ ಮೆನುವಿನಲ್ಲಿ ಕೊನೇ ವ್ಯವಹಾರದ ಸ್ಲಿಪ್ ಮತ್ತೆ ತೆಗೀರಿ. ಅಪ್ರೂವಲ್ ಕೋಡ್ (ಬ್ಯಾಂಕ್ ಒಪ್ಪಿದ್ದಕ್ಕೆ ಬರೋ ನಂಬರ್) ಇದ್ರೆ ದುಡ್ಡು ನಿಮ್ದು, ಇಲ್ದಿದ್ರೆ ನಿಮಗೆ ಬರಲ್ಲ. ನೋಡದೇ ಎರಡನೇ ಸಲ ಉಜ್ಜಿದ್ರೆ ಎರಡೂ ಪಾಸ್ ಆಗಿ ರಗಳೆ ಶುರು. ಕೋಡ್ ಬಂದಿಲ್ಲ ಅಂತ ಖಾತ್ರಿಯಾದ್ರೆ ಬೇರೆ ದಾರೀಲಿ ದುಡ್ಡು ತಗೊಳ್ಳಿ. ಕಟ್ ಆಗಿದ್ದು 5 ದಿನದಲ್ಲಿ ತಾನಾಗೇ ವಾಪಸ್ ಬರ್ಬೇಕು, ತಡವಾದ್ರೆ ದಿನಕ್ಕೆ ₹100 ಪರಿಹಾರ ಅಂತ ಆರ್‌ಬಿಐನ 2019ರ ಆದೇಶ ಇದೆ. ಇದನ್ನ ಗಿರಾಕಿಗೆ ಹೇಳಿದ್ರೆ ಕೌಂಟರಲ್ಲಿ ಅರ್ಧ ಗಲಾಟೆ ಕಮ್ಮಿ ಆಗುತ್ತೆ. ಮಷಿನ್‌ಗೆ ಎರಡು ಸಿಮ್ ಹಾಕೋ ಜಾಗ ಇದ್ರೆ ಬೇರೆ ಬೇರೆ ಕಂಪನೀದು ಹಾಕಿ, ವೈಫೈ ಇದ್ರೆ ಅದನ್ನೂ ಜೋಡಿಸಿ.

ಲೆಕ್ಕಪತ್ರ
ಹೋಂಸ್ಟೇಯವರಿಗೆ ಇನ್ನೊಂದು ಮಾತು. ಹೊರದೇಶದ ಕಾರ್ಡಿಗೆ ದರ ಬೇರೆ, ಸಾಮಾನ್ಯವಾಗಿ ಇಲ್ಲಿನ ಕ್ರೆಡಿಟ್ ಕಾರ್ಡಿಗಿಂತ ಜಾಸ್ತಿ. ಆಗುಂಬೆ ಕಡೆ ಬರೋ ವಿದೇಶಿಯರಿಗೆ ರೂಮ್ ಕೊಡೋರು ಒಪ್ಪಂದದಲ್ಲಿ ಆ ಸಾಲು ಹುಡುಕಿ ಓದಿ, ಅದು ಪ್ರತ್ಯೇಕವಾಗಿ ಇರುತ್ತೆ. ಬಟ್ಟೆ ಅಂಗಡಿಯವ್ರೇ, ಯುಪಿಐಗೆ ರುಪೇ ಕ್ರೆಡಿಟ್ ಕಾರ್ಡ್ ಜೋಡಿಸಿಕೊಂಡು ನಿಮ್ಮ ಕ್ಯೂಆರ್‌ನಲ್ಲಿ ದುಡ್ಡು ಕೊಡೋರೂ ಬರ್ತಾರೆ. ದೊಡ್ಡ ಮೊತ್ತಕ್ಕೆ ಅಲ್ಲೂ ಕಡಿತ ಬೀಳುತ್ತೆ, ಯುಪಿಐ ಅಂತ ನೋಡಿ ಗಾಬರಿ ಆಗ್ಬೇಡಿ.