ಎರವಲು ಪಡೆದ ಮೈ: ಸ್ಟಾರ್ ಟ್ರೆಕ್‌ನ ‘ರಿಟರ್ನ್ ಟು ಟುಮಾರೊ’ ಸಂಚಿಕೆಯನ್ನು ಯಾವ ಅಳತೆಯಿಂದ ನೋಡಬೇಕು?

ಸಾಗರದ ಓದುಗ:

ನಮ್ಮೂರಿನ ಏಳೆಂಟು ಮಂದಿ ತಿಂಗಳಿಗೊಮ್ಮೆ ಒಬ್ಬರ ಮನೆಯ ಜಗುಲಿಯಲ್ಲಿ ಕುಳಿತು ಹಳೆಯ ವೈಜ್ಞಾನಿಕ ಧಾರಾವಾಹಿಗಳನ್ನು ನೋಡಿ, ಸರದಿಯಂತೆ ವಿಮರ್ಶೆ ಬರೆದು ಉಳಿದವರಿಗೆ ಓದಿ ಹೇಳುವ ರೂಢಿ ಇಟ್ಟುಕೊಂಡಿದ್ದೇವೆ. ಈ ಸಲ ನನ್ನ ಪಾಲಿಗೆ ಬಂದದ್ದು 1968ರ ಫೆಬ್ರವರಿ 9ರಂದು ಅಮೆರಿಕದಲ್ಲಿ ಪ್ರಸಾರವಾದ ಈ ಸಂಚಿಕೆ. ಐದು ಲಕ್ಷ ವರ್ಷಗಳ ಹಿಂದೆ ಹಾಳಾದ ಗ್ರಹವೊಂದರ ನೆಲದಾಳದಲ್ಲಿ ಸಾರ್ಗಾನ್, ಆತನ ಪತ್ನಿ ಥಲಾಸ್ಸಾ, ಎದುರು ಪಕ್ಷದ ಹೆನೋಕ್ ಎಂಬ ಮೂವರು ದೇಹವಿಲ್ಲದೆ ಬರಿಯ ಚೈತನ್ಯವಾಗಿ ಗೋಳಗಳೊಳಗೆ ಉಳಿದಿದ್ದಾರೆ. ತಮಗಾಗಿ ಯಂತ್ರದೇಹಗಳನ್ನು ಕಟ್ಟಿಕೊಳ್ಳುವವರೆಗೆ ಅವರು ಎಂಟರ್‌ಪ್ರೈಸ್ ಎಂಬ ಅಂತರಿಕ್ಷ ನೌಕೆಯ ಕ್ಯಾಪ್ಟನ್ ಕರ್ಕ್, ಡಾಕ್ಟರ್ ಆನ್ ಮುಲ್‌ಹಾಲ್ ಮತ್ತು ಭಾವನೆ ತೋರಗೊಡದ ಚೂಪುಗಿವಿಯ ಅಧಿಕಾರಿ ಸ್ಪಾಕ್ ಅವರ ಮೈಗಳನ್ನು ಎರವಲು ಕೇಳುತ್ತಾರೆ.

ಒಪ್ಪೋಣವೆಂದು ಸಹೋದ್ಯೋಗಿಗಳನ್ನು ಒಲಿಸಲು ಕರ್ಕ್ ಆಡುವ ಮಾತಿಗೆ, ಅಂದರೆ ಅಪಾಯಕ್ಕೆ ಎದೆಯೊಡ್ಡುವುದೇ ನಮ್ಮ ಕಸುಬು ಎಂಬ ಆ ಭಾಷಣಕ್ಕೆ, ಜಗುಲಿಯಲ್ಲಿ ಎಲ್ಲರೂ ತಲೆದೂಗಿದರು. ನನಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ. ಅನುಮತಿ ಕೇಳುವ ಮೊದಲೇ ಸಾರ್ಗಾನ್ ಒಮ್ಮೆ ಕರ್ಕ್‌ನ ಮೈಯನ್ನು ಹೊಕ್ಕು ಹೊರಬಂದಿರುತ್ತಾನೆ. ಮಳೆಯಲ್ಲಿ ಪಕ್ಕದ ಮನೆಯ ಕಂಬಳಿಕೊಪ್ಪೆಯನ್ನು ಹೇಳದೆ ಹೊದ್ದುಹೋಗಿ, ಆಮೇಲೆ ಬಂದು ಕೇಳಿದಂತಾಯಿತಲ್ಲವೇ? ಹೀಗಿರುವಾಗ ಆತನನ್ನು ಸಜ್ಜನನೆಂದು ಬರೆಯುವುದು ಹೇಗೆ?

ತುಂಗೆಯ ದಡದವರು:

ಶೃಂಗೇರಿಯ ಸುತ್ತಿನಲ್ಲಿ ಹುಟ್ಟಿ ಬೆಳೆದ ನನಗೆ ಇಂಥ ಕತೆ ಕಂಡೊಡನೆ ಶಂಕರಾಚಾರ್ಯರ ಪರಕಾಯ ಪ್ರವೇಶದ ಐತಿಹ್ಯ ನೆನಪಾಗುತ್ತದೆ. ಮಂಡನಮಿಶ್ರರ ಪತ್ನಿ ಉಭಯಭಾರತಿಯ ಪ್ರಶ್ನೆಗಳಿಗೆ ಉತ್ತರ ಹುಡುಕಲು ಆಚಾರ್ಯರು ಅಮರುಕ ರಾಜನ ದೇಹವನ್ನು ಹೊಗುತ್ತಾರೆ. ಆದರೆ ಆ ರಾಜ ಆಗಲೇ ತೀರಿಕೊಂಡಿದ್ದಾನೆ, ಅಲ್ಲಿ ಕೇಳಬೇಕಾದ ಒಡೆಯನೇ ಇಲ್ಲ. ಈ ಸಂಚಿಕೆಯಲ್ಲಿ ಒಡೆಯ ಜೀವಂತವಾಗಿದ್ದು, ಅವನನ್ನು ಗೋಳದೊಳಗೆ ಕೂರಿಸಿ ಇವರು ಹೊರಗೆ ಓಡಾಡುತ್ತಾರೆ. ಐತಿಹ್ಯದಲ್ಲಿ ಶಿಷ್ಯರು ಗುಹೆಯಲ್ಲಿ ಗುರುವಿನ ಶರೀರವನ್ನು ಕಾಯುತ್ತಿರುತ್ತಾರೆ, ಅನುಮಾನಗೊಂಡ ಮಂತ್ರಿಗಳು ಒಡೆಯನಿಲ್ಲದ ಶರೀರಗಳನ್ನು ಸುಡಿಸಲು ಆಳುಗಳನ್ನು ಕಳುಹಿಸುತ್ತಾರೆ. ಇಲ್ಲಿ ಸ್ಪಾಕ್‌ನ ಮೈಯನ್ನು ಬಿಟ್ಟುಕೊಡಲು ಮನಸ್ಸಿಲ್ಲದ ಹೆನೋಕ್, ಕರ್ಕ್‌ನ ಮೈಯಲ್ಲಿರುವ ಸಾರ್ಗಾನ್‌ಗೆ ಕೊಡುವ ಔಷಧಕ್ಕೆ ವಿಷ ಬೆರೆಸುತ್ತಾನೆ. ಮರಳುವ ದಾರಿ ಮುಚ್ಚಿಹೋದೀತೆಂಬ ಭಯವೇ ಎರಡು ಕತೆಗಳ ಬೆನ್ನೆಲುಬು. ತಾವು ಕೇಳಿದ ಅಳತೆಯನ್ನು ನಾನು ಅಲ್ಲಿಯೇ ಹುಡುಕುತ್ತೇನೆ: ಹೊಕ್ಕವನು ಹೊರಡಲು ಸಿದ್ಧನಿದ್ದಾನೆಯೇ?

ಬಡಗುತಿಟ್ಟಿನ ಪ್ರೇಕ್ಷಕ:

ನೀತಿಯ ಚರ್ಚೆಯಲ್ಲಿ ಅಭಿನಯವನ್ನು ಮರೆಯಬೇಡಿ. ಯಕ್ಷಗಾನದಲ್ಲಿ ಪಾತ್ರ ಬದಲಾದರೆ ಬಣ್ಣ, ಕಿರೀಟ, ಹೆಜ್ಜೆ ಎಲ್ಲವೂ ಬದಲಾಗುತ್ತವೆ. ಸ್ಪಾಕ್ ಪಾತ್ರದ ಲಿಯೊನಾರ್ಡ್ ನಿಮೊಯ್‌ಗೆ ಇಲ್ಲಿ ಆ ಅನುಕೂಲ ಒಂದೂ ಇಲ್ಲ. ಅದೇ ಕಿವಿ, ಅದೇ ನೀಲಿ ಅಂಗಿ. ಆದರೂ ಹೆನೋಕ್ ಕಣ್ತೆರೆದು ನಗುತ್ತಲೇ ನಮಗೆ ಅಪರಿಚಿತನೊಬ್ಬ ಎದುರಿಗೆ ನಿಂತಂತೆ ಭಾಸವಾಗುತ್ತದೆ, ಏಕೆಂದರೆ ನಗದಿರುವುದನ್ನೇ ಸ್ಪಾಕ್‌ನ ಗುರುತಾಗಿ ಪ್ರೇಕ್ಷಕರು ಅಷ್ಟು ಹೊತ್ತಿಗೆ ಒಪ್ಪಿಕೊಂಡಾಗಿತ್ತು. ಅದಕ್ಕೆ ಹೋಲಿಸಿದರೆ ಕರ್ಕ್‌ನ ಪಾತ್ರದ ವಿಲಿಯಂ ಶಾಟ್ನರ್ ಸಾರ್ಗಾನ್ ಆಗುವಾಗ ಏದುಸಿರು ಬಿಟ್ಟು, ಬೆರಳು ನೋಡಿಕೊಂಡು, ತುಸು ಅತಿಯಾಗಿಸಿದ್ದಾರೆಂದು ನನ್ನ ಅನಿಸಿಕೆ. ಗೋಳದೊಳಗಿನ ಸಾರ್ಗಾನ್‌ನ ಗಂಭೀರ ಧ್ವನಿ ನೌಕೆಯ ಎಂಜಿನಿಯರ್ ಸ್ಕಾಟಿಯ ಪಾತ್ರದ ಜೇಮ್ಸ್ ಡೂಹನ್ ಅವರದು. ಗೊತ್ತಿದ್ದು ಕೇಳಿದರೂ ಗುರುತು ಹತ್ತುವುದಿಲ್ಲ.

ತೀರ್ಥಹಳ್ಳಿಯ ಮೇಷ್ಟ್ರು:

ಕರ್ಕ್‌ನ ಭಾಷಣವನ್ನು ಪೂರ್ತಿ ತಳ್ಳಿಹಾಕಬೇಡಿ. ಅಪೊಲೊ ನೌಕೆ ಚಂದ್ರನನ್ನು ತಲುಪಿದ್ದು ಮುಗಿದ ಸಂಗತಿಯೆಂಬಂತೆ ಅದರಲ್ಲಿ ಹೇಳುತ್ತಾನೆ, ಆದರೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು ಪ್ರಸಾರವಾಗಿ ಸುಮಾರು 17 ತಿಂಗಳ ಮೇಲೆ, 1969ರ ಜುಲೈನಲ್ಲಿ. ಆ ಧೈರ್ಯಕ್ಕೊಂದು ಬೆಲೆಯುಂಟು. ಆದರೆ ತಮ್ಮ ಅಸಮಾಧಾನಕ್ಕೆ ಉತ್ತರ ಭಾಷಣದಲ್ಲಿಲ್ಲ, ನೌಕೆಯ ವೈದ್ಯ ಡಾಕ್ಟರ್ ಮೆಕಾಯ್ ಬಳಿ ಇದೆ. ಯಂತ್ರದೇಹಕ್ಕೆ ಸ್ಪರ್ಶದ ಸುಖವಿಲ್ಲವೆಂದು ಮನಸ್ಸು ಬದಲಿಸಿದ ಥಲಾಸ್ಸಾ, ಮುಲ್‌ಹಾಲ್‌ರ ಮೈ ತನಗೇ ಉಳಿಯುವುದಾದರೆ ಕರ್ಕ್‌ನನ್ನು ಬದುಕಿಸಿಕೊಡುತ್ತೇನೆಂದು ಚೌಕಾಸಿಗೆ ಇಳಿದಾಗ, ಅದು ತನ್ನದಲ್ಲದ ಮೈ, ಮಾರುವ ಹಕ್ಕು ತನಗಿಲ್ಲವೆಂದು ಆತ ನಿರಾಕರಿಸುತ್ತಾನೆ. ಆಪ್ತಮಿತ್ರನ ಪ್ರಾಣ ತಕ್ಕಡಿಯಲ್ಲಿದ್ದರೂ ಆ ಮಾತು ಸಡಿಲವಾಗುವುದಿಲ್ಲ.

ಒಂದು ತಕರಾರು ನನ್ನದೂ ಇದೆ. ಹೆನೋಕ್‌ನ ಕಣ್ಣು ತಪ್ಪಿಸಲು ಸ್ಪಾಕ್‌ನ ಚೈತನ್ಯವನ್ನು ನರ್ಸ್ ಚಾಪೆಲ್‌ಳ ಮೈಯಲ್ಲಿ ಅಡಗಿಸಿಡುತ್ತಾರೆ. ಅದಕ್ಕೆ ಆಕೆಯ ಒಪ್ಪಿಗೆ ಕೇಳಿದ ದೃಶ್ಯವನ್ನು ನಾನು ಕಾಣಲಿಲ್ಲ. ಕೊನೆಯಲ್ಲಿ ಆಕೆ ಅದನ್ನು ಭಾಗ್ಯವೆಂಬಂತೆ ಸ್ವೀಕರಿಸುತ್ತಾಳೆ. ಕ್ಯಾಪ್ಟನ್ನನ ಮೈಗಾಗಿ ಸಭೆ ಕೂಡಿಸಿದವರು ದಾದಿಯ ಮೈಯ ವಿಷಯದಲ್ಲಿ ಬಾಯಿ ಬಿಡಲಿಲ್ಲ. ವಿಮರ್ಶೆಯಲ್ಲಿ ಇದನ್ನು ಬಿಡಬೇಡಿ.

ಸಾಗರದ ಓದುಗ:

ಮೂವರಿಗೂ ಕೃತಜ್ಞತೆಗಳು. ಮೇಷ್ಟ್ರು ಹೇಳಿದ ಚಾಪೆಲ್ ಸಂಗತಿ ನನ್ನ ಗಮನಕ್ಕೇ ಬಂದಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಮಳೆಗೆ ಕರೆಂಟು ಹೋಗಿ, ಚಿಮಣಿ ಬುಡ್ಡಿ ಹಚ್ಚಿಕೊಂಡು ಕುಳಿತಿದ್ದೆವು. ನಿನ್ನೆ ರಾತ್ರಿ ಮತ್ತೊಮ್ಮೆ ನೋಡಿದೆ. ಯಂತ್ರದೇಹವೂ ಬೇಡವೆಂದು ಶೂನ್ಯಕ್ಕೆ ಹೊರಟುನಿಂತ ಸಾರ್ಗಾನ್ ದಂಪತಿಗಳು, ಕಡೆಯ ಸಲ ಒಬ್ಬರನ್ನೊಬ್ಬರು ಮುಟ್ಟಲು ಕರ್ಕ್ ಮತ್ತು ಮುಲ್‌ಹಾಲ್‌ರ ಮೈಯನ್ನು ಒಂದು ಗಳಿಗೆ ಬೇಡುತ್ತಾರೆ. ಈ ಸಲ ಕೇಳಿದ ಮೇಲೆಯೇ ಹೊಗುತ್ತಾರೆ. ಭಾಷಣವನ್ನು ಎರಡು ವಾಕ್ಯಗಳಲ್ಲಿ ಮುಗಿಸಿ, ವಿಮರ್ಶೆಯನ್ನು ಈ ದೃಶ್ಯದಿಂದ ಆರಂಭಿಸುತ್ತೇನೆ. ಚಾಪೆಲ್‌ಳ ಮಾತು ಅದರ ಬೆನ್ನಿಗೇ ಬರುತ್ತದೆ.