ಚಿತ್ರಗುಪ್ತನಿಗೂ ಪಾಸ್‌ವರ್ಡ್

2025ರ ಸೆಪ್ಟೆಂಬರ್ 14, ಭಾನುವಾರ ಸಂಜೆ. ಪಾರ್ಕಿನ ಕಲ್ಲುಬೆಂಚಿನ ಮೇಲೆ ನಮ್ಮ ಮಾಮೂಲಿ ಗುಂಪು. ನಾನು, ಸಾಫ್ಟ್‌ವೇರ್ ಸೀನ, ರಿಟೈರ್ಡ್ ಮೇಷ್ಟ್ರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ಬಂದ ಪದ್ಮಕ್ಕ ಕೊನೆಗೆ ಬಂದರು. ಬಂದವರೇ ಚೀಲ ಪಕ್ಕಕ್ಕಿಟ್ಟು ಕೇಳಿದರು.

"ಇನ್‌ಕಂ ಟ್ಯಾಕ್ಸ್ ರಿಟರ್ನ್ ಹಾಕಿದಿರೇನ್ರೋ?"

ಸೀನ ಆಕಾಶ ನೋಡಿದ. ಮೇಷ್ಟ್ರು ಚಪ್ಪಲಿ ನೋಡಿಕೊಂಡರು. ನಾನು ಅವರಿಬ್ಬರನ್ನೂ ನೋಡಿದೆ.

"ನಾಳೆ ಕೊನೇ ದಿನ ಕಣ್ರೋ!"

"ಗೊತ್ತಕ್ಕಾ. ಅದಕ್ಕೇ ಇವತ್ತು ಆರಾಮಾಗಿದ್ದೀನಿ" ಅಂದ ಸೀನ.

ನಮ್ಮಂಥವರಿಗೆ ಮಾಮೂಲಿಯಾಗಿ ಜುಲೈ 31 ಕೊನೇ ದಿನ. ಆ ವರ್ಷ ಫಾರಂಗಳಲ್ಲಿ ಬದಲಾವಣೆ ಜಾಸ್ತಿ ಇದೆ ಅಂತ ಮೇ ತಿಂಗಳಲ್ಲೇ ಅದನ್ನು ಸೆಪ್ಟೆಂಬರ್ 15ಕ್ಕೆ ತಳ್ಳಿದ್ದರು. ಪುಕ್ಕಟೆ ನಲವತ್ತಾರು ದಿನ! ಆ ನಲವತ್ತಾರು ದಿನದಲ್ಲಿ ನಾನು ಮಾಡಿದ ತಯಾರಿ ಇಷ್ಟೇ. ಸಂಬಳ, ತೆರಿಗೆ ಲೆಕ್ಕ ಬರೆದು ಆಫೀಸಿನವರು ಕೊಟ್ಟ ಫಾರಂ 16 ಅನ್ನು 'ಟ್ಯಾಕ್ಸ್ ಅರ್ಜೆಂಟ್' ಅನ್ನುವ ಫೋಲ್ಡರಿಗೆ ಹಾಕಿಟ್ಟಿದ್ದೆ. ಅದರಲ್ಲಿ ಹಿಂದಿನ ಮೂರು ವರ್ಷದ ಅರ್ಜೆಂಟುಗಳೂ ಇದ್ದವು.

"ನಿನ್ನದು ಸಂಬಳ, ಒಂದು ಮನೆ, ಒಂದಿಷ್ಟು ಬಡ್ಡಿ. ಒಂದನೇ ನಂಬರ್ ಫಾರಂ ಸಾಕು. ಸಹಜ್ ಅಂತ ಹೆಸರು ಅದಕ್ಕೆ" ಅಂದರು ಪದ್ಮಕ್ಕ.

"ನಾಲ್ಕಕ್ಕೆ ಸುಗಮ್ ಅಂತೆ" ಅಂದ ಸೀನ. "ಎರಡು, ಮೂರಕ್ಕೆ ಏನು ಹೆಸರಿಡೋದು ಅಂತ ಅವರಿಗೂ ತೋಚಲಿಲ್ಲ ಅನ್ಸುತ್ತೆ."

ಮೇಷ್ಟ್ರು ಇದೆಲ್ಲ ತಮಗೆ ಸಂಬಂಧವೇ ಇಲ್ಲದ ಹಾಗೆ ಕೂತಿದ್ದರು. ಕೇಳಿದರೆ, "ನಂದು ಪಿಂಚಣಿ. ಡಿಪಾಸಿಟ್ ಬಡ್ಡಿಗೆ ಬ್ಯಾಂಕಿನವರೇ ಟಿಡಿಎಸ್ ಅಂತ ಮೊದಲೇ ತೆರಿಗೆ ಹಿಡಿದಿದ್ದಾರೆ. ಅಲ್ಲಿಗೆ ಮುಗೀತಲ್ಲ?" ಅಂದರು.

"ಮುಗಿಯೋದು ಎಲ್ಲಿ ಮೇಷ್ಟ್ರೇ? ಅವರು ಹಿಡಿದಿರೋದು ನೂರಕ್ಕೆ ಹತ್ತು. ನೀವು ಇಪ್ಪತ್ತರ ಸ್ಲ್ಯಾಬಿನಲ್ಲಿದ್ದರೆ ಉಳಿದ ಹತ್ತು ನೀವೇ ಕಟ್ಟಬೇಕು. ತೆರಿಗೆನೇ ಬರಲ್ಲ ಅಂದರೆ ಹಿಡಿದಿದ್ದು ವಾಪಸ್ ಬರುತ್ತೆ. ಎರಡಕ್ಕೂ ರಿಟರ್ನ್ ಹಾಕಲೇಬೇಕು."

"ನನ್ನ ಬಡ್ಡಿ ಎಷ್ಟು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?"

ಪದ್ಮಕ್ಕ ನಕ್ಕರು. ಆ ನಗು ನಮಗೆ ಇಷ್ಟವಾಗಲಿಲ್ಲ. ಎಐಎಸ್ ಅಂತ ಒಂದು ಪಟ್ಟಿ ಇದೆ, ಇಲಾಖೆಯ ಪೋರ್ಟಲ್ಲಿನಲ್ಲೇ ಸಿಗುತ್ತದೆ ಅಂದರು. ಉಳಿತಾಯ ಖಾತೆಯ ಬಡ್ಡಿ, ಡಿಪಾಸಿಟ್ ಬಡ್ಡಿ, ಡಿವಿಡೆಂಡು, ಮಾರಿದ ಶೇರು, ಎಲ್ಲ ಅದರಲ್ಲಿ ಬಂದು ಕೂತಿರುತ್ತದೆಯಂತೆ.

"ಚಿತ್ರಗುಪ್ತನ ಕಡತ ಅನ್ನಿ" ಅಂದೆ.

"ಚಿತ್ರಗುಪ್ತ ವಾಸಿ, ಸತ್ತ ಮೇಲೆ ತೋರಿಸ್ತಾನೆ" ಅಂದ ಸೀನ.

"ಆದರೆ ಅವನು ನಿನ್ನ ಅಭಿಪ್ರಾಯ ಕೇಳಲ್ಲ. ಇಲ್ಲಿ ಕೇಳ್ತಾರೆ. ಈ ಬಾಬ್ತು ನಂದಲ್ಲ, ಈ ಲೆಕ್ಕ ತಪ್ಪು ಅಂತ ಅದರಲ್ಲೇ ಒತ್ತಿ ಹೇಳಬಹುದು."

ಮೇಷ್ಟ್ರಿಗೆ ಕುತೂಹಲ ತಡೆಯಲಾಗಲಿಲ್ಲ. ಸೀನನ ಫೋನಿನಲ್ಲಿ ಅಲ್ಲೇ ಅವರ ಪಟ್ಟಿ ಇಳಿಸಿದೆವು. ಅದು ಪಾಸ್‌ವರ್ಡ್ ಕೇಳಿತು. ಪ್ಯಾನ್ ನಂಬರಿನ ಅಕ್ಷರಗಳೆಲ್ಲ ಸಣ್ಣವು, ಅದಕ್ಕೆ ಅಂಟಿಸಿ ಹುಟ್ಟಿದ ದಿನಾಂಕ. ಮೇಷ್ಟ್ರು ಹೇಳಿದರು, ಸೀನ ಒತ್ತಿದ. ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿದ. ಊಹೂಂ.

"ಮೇಷ್ಟ್ರೇ, ಇದು ನೀವು ಹುಟ್ಟಿದ ದಿನವೋ, ಶಾಲೆಗೆ ಸೇರಿಸಿದ ದಿನವೋ?"

"ಅಯ್ಯೋ, ನಾನು ಹುಟ್ಟಿದ್ದು ದೀಪಾವಳಿ ಹಿಂದಿನ ದಿನ. ದಾಖಲೆಯಲ್ಲಿ ಜೂನ್ ಒಂದು, 1961!"

ಒತ್ತಿದ ತಕ್ಷಣ ತೆರೆಯಿತು. "ನಾನೂ ಎಷ್ಟು ಮಕ್ಕಳಿಗೆ ಜೂನ್ ಒಂದು ಬರೆದುಕೊಟ್ಟಿದ್ದೀನೋ! ಪಾಪ, ಎಲ್ಲರೂ ಎಲ್ಲೆಲ್ಲಿ ಕೂತು ಒದ್ದಾಡ್ತಿದ್ದಾರೋ" ಅಂದರು ಮೇಷ್ಟ್ರು. ಪಟ್ಟಿ ನೋಡಿದ ಮೇಲೆ ಆ ಅನುಕಂಪವೆಲ್ಲ ತಮ್ಮ ಕಡೆಗೇ ತಿರುಗಿತು. ಮರೆತೇ ಹೋಗಿದ್ದ ಒಂದು ಡಿಪಾಸಿಟ್ಟಿನ ಬಡ್ಡಿ ಅದರಲ್ಲಿ ರೂಪಾಯಿ ಲೆಕ್ಕದಲ್ಲಿತ್ತು.

ಮುಂದಿನ ಗಲಾಟೆ ವರ್ಷದ್ದು. ದುಡಿದಿದ್ದು 2024-25ರಲ್ಲಿ, ಫಾರಂನಲ್ಲಿ ಆರಿಸಬೇಕಾದ ಅಸೆಸ್‌ಮೆಂಟ್ ವರ್ಷ, ಅಂದರೆ ಅದರ ತೆರಿಗೆ ಲೆಕ್ಕ ಹಾಕುವ ವರ್ಷ, 2025-26. ಒಂದೇ ದುಡ್ಡಿಗೆ ಎರಡು ವರ್ಷ ಯಾಕೆ ಅಂತ ಮೇಷ್ಟ್ರು ಪಟ್ಟು ಹಿಡಿದರು. ಮುಂದಿನ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬರುತ್ತೆ, ಅದರಲ್ಲಿ ಒಂದೇ 'ತೆರಿಗೆ ವರ್ಷ', ಈಗಿರೋದು 1961ರ ಕಾಯ್ದೆ ಅಂತ ಪದ್ಮಕ್ಕ ಸಮಾಧಾನ ಮಾಡಲು ಹೋದರು.

"1961? ನಂದೇ ವಯಸ್ಸು! ನನ್ನನ್ನು ಅರವತ್ತಕ್ಕೆ ಮನೆಗೆ ಕಳಿಸಿದರು. ಅದಕ್ಕೆ ಮಾತ್ರ ಅರವತ್ತನಾಲ್ಕರವರೆಗೂ ಸರ್ವೀಸಾ?"

ಇದಕ್ಕೆ ಪದ್ಮಕ್ಕನ ಹತ್ತಿರವೂ ಉತ್ತರ ಇರಲಿಲ್ಲ.

ಸೀನ ಮಾತ್ರ ತಣ್ಣಗಿದ್ದ. "ತಪ್ಪಿದರೆ ಏನಾಗುತ್ತೆ? ಐದು ಸಾವಿರ ದಂಡ. ಡಿಸೆಂಬರ್ 31ರವರೆಗೂ ಟೈಮಿದೆ."

"ಆದಾಯ ಐದು ಲಕ್ಷದೊಳಗಿದ್ದರೆ ಒಂದೇ ಸಾವಿರ, ನಿನಗೆ ಐದು. ಬಾಕಿ ತೆರಿಗೆ ಇದ್ದರೆ ತಿಂಗಳಿಗೆ ನೂರಕ್ಕೆ ಒಂದು ಬಡ್ಡಿ ಬೇರೆ. ಅದು ಹಾಗಿರಲಿ, ಶೇರಿನಲ್ಲಿ ಕಳಕೊಂಡೆ ಅಂತ ಹೋದ ವರ್ಷ ಇದೇ ಬೆಂಚಿನ ಮೇಲೆ ಅತ್ತಿದ್ದು ಯಾರು?"

"ಅದನ್ನ ಈಗ ಯಾಕಕ್ಕಾ..."

"ಆ ನಷ್ಟನ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು ಕಣೋ. ಮುಂದೆ ಶೇರಿನಲ್ಲಿ ಲಾಭ ಬಂದಾಗ ಅದರಲ್ಲಿ ಕಳೀಬಹುದು. ಆದರೆ ಸಮಯಕ್ಕೆ ಸರಿಯಾಗಿ ರಿಟರ್ನ್ ಹಾಕಿದ್ದರೆ ಮಾತ್ರ. ತಡವಾದರೆ ಅದೂ ಹೋಯ್ತು."

ಸೀನ ಎದ್ದು ಕೂತ. ಲಾಭದ ಮಾತಿಗೆ ಅವನು ಯಾವತ್ತೂ ಇಷ್ಟು ನೆಟ್ಟಗೆ ಕೂತಿದ್ದಿಲ್ಲ. "ನಷ್ಟಕ್ಕೂ ಲಾಸ್ಟ್ ಡೇಟ್ ಇದೆಯಾ?"

ನಾನು ನಗಲು ಶುರು ಮಾಡಿದೆ. ಪದ್ಮಕ್ಕ ನನ್ನ ಕಡೆ ತಿರುಗಿದರು. "ನೀನು ಹಳೇ ಪದ್ಧತಿ ಅಲ್ವಾ? ಎಲ್‌ಐಸಿ, ಪಿಎಫ್, ಸಾಲದ ಬಡ್ಡಿ ಎಲ್ಲ ತೋರಿಸಿ ತೆರಿಗೆ ಕಮ್ಮಿ ಮಾಡಿಕೊಳ್ಳೋನು? ಕೊನೇ ದಿನ ದಾಟಿದರೆ ಹಳೇದು ಆರಿಸೋ ಹಾಗಿಲ್ಲ. ಸುಮ್ನೆ ಹೊಸದಕ್ಕೆ ಹೋಗಿ ಬೀಳ್ತೀಯ."

ನಗು ನಿಂತಿತು. ಎಲ್ಲರೂ ಮನೆ ಕಡೆ ಹೊರಟೆವು.

ಮಾರನೇ ದಿನ ರಾತ್ರಿ ಎಂಟೂವರೆಗೆ ಕೂತೆ. ನಿಜ ಹೇಳಬೇಕು ಅಂದರೆ ಫಾರಂ ಅಂಥ ಕಷ್ಟವೇನಿರಲಿಲ್ಲ, ಸಂಬಳದ ವಿವರ ಅದೇ ತುಂಬಿಕೊಂಡು ಬಂದಿತ್ತು. ತೊಡಕಾಗಿದ್ದು ನನ್ನ ಹೆಸರು. ಪ್ಯಾನಿನಲ್ಲಿ ಸರ್‌ನೇಮ್ ಬೇಕೇ ಬೇಕು ಅಂದಿದ್ದಕ್ಕೆ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಬರೆದಿದ್ದೆ. ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಇಬ್ಬರೂ ಒಬ್ಬರೇ ಅಂತ ಒಪ್ಪಲು ಕಂಪ್ಯೂಟರು ತಯಾರಿರಲಿಲ್ಲ. ಬ್ಯಾಂಕ್ ಖಾತೆ ವ್ಯಾಲಿಡೇಟ್ ಆಗದಿದ್ದರೆ ರಿಫಂಡ್ ಬರುವುದಿಲ್ಲ. ನನಗೆ ಬರಬೇಕಾದ ರಿಫಂಡೇನೂ ಇರಲಿಲ್ಲವಲ್ಲ, ಆಮೇಲೆ ನೋಡಿಕೊಳ್ಳೋಣ ಅಂತ ಮುಂದೆ ಹೋದೆ. ಹನ್ನೊಂದೂ ಇಪ್ಪತ್ತಕ್ಕೆ ಸಲ್ಲಿಸಿಯೇ ಬಿಟ್ಟೆ!

ಮಧ್ಯರಾತ್ರಿ ಹತ್ತಿರ ಸೀನನ ಮೆಸೇಜು. ಕೊನೇ ದಿನ ಸೆಪ್ಟೆಂಬರ್ 16ಕ್ಕೆ ಹೋಗಿದೆಯಂತೆ. ಒಂದೇ ಒಂದು ದಿನ. ಜೊತೆಗೆ ಹಲ್ಲು ಕಿರಿಯುವ ಬೊಂಬೆಗಳು ಹನ್ನೆರಡು. ನಿದ್ದೆಗೆಟ್ಟು ಮುಗಿಸಿದವನ ಹೊಟ್ಟೆಗೆ ಬೆಂಕಿ ಹಾಕುವುದು ಅಂದರೆ ಇದೇ.

17ರ ಸಂಜೆ ಮತ್ತೆ ಬೆಂಚು. ಸೀನ ಹಾಕಿದ್ದ, ನಷ್ಟವನ್ನು ಜೋಪಾನವಾಗಿ ತೋರಿಸಿದ್ದ. ಮೇಷ್ಟ್ರ ಹೆಸರಲ್ಲಿ ಪದ್ಮಕ್ಕನೇ ಕೂತು ಹಾಕಿಸಿದ್ದರು.

"ನಾನು ಎಲ್ಲರಿಗಿಂತ ಒಂದು ದಿನ ಮುಂಚೆ" ಅಂದೆ, ಎದೆಯುಬ್ಬಿಸಿ.

"ಇ-ವೆರಿಫೈ ಮಾಡಿದ್ಯಾ?"

ನಾನು ಆಕಾಶ ನೋಡಿದೆ.

"ಹಾಕಿದ್ದು ನಾನೇ ಅಂತ ಖಾತ್ರಿ ಮಾಡದಿದ್ದರೆ ಹಾಕೇ ಇಲ್ಲದ ಹಾಗೆ ಕಣೋ!"

"ಮೂವತ್ತು ದಿನ ಟೈಮಿದೆ ಅಕ್ಕಾ. ಬ್ಯಾಂಕಿನ ಕಡೆಯಿಂದ ಆಗ್ತಿಲ್ಲ, ಹೆಸರಿನ ತಕರಾರು. ಆಧಾರ್ ಓಟಿಪಿ ಅಪ್ಪನ ಫೋನಿಗೆ ಹೋಗುತ್ತೆ. ಆಧಾರ್ ಮಾಡಿಸುವಾಗ ಮನೇಲಿದ್ದಿದ್ದು ಅದೊಂದೇ ನಂಬರು."

"ಅಪ್ಪನ್ನ ಕೇಳಿದರಾಯ್ತಪ್ಪ."

"ಕೇಳಿದೆ. ಕೊಡಲ್ಲ ಅಂತಾರೆ. ಮಗ ಅಂತ ಹೇಳಿಕೊಂಡು ಫೋನ್ ಮಾಡಿದರೂ ಓಟಿಪಿ ಕೊಡಬೇಡಿ ಅಂತ ಹೋದ ತಿಂಗಳು ನಾನೇ ಹೇಳಿಕೊಟ್ಟಿದ್ದೆ."

ಮೇಷ್ಟ್ರು ಬೆಂಚಿನಿಂದ ಜಾರುವಷ್ಟು ನಕ್ಕರು. ರಿಟರ್ನ್‌ಗಳನ್ನು ನೋಡುವ ಬೆಂಗಳೂರಿನ ಕೇಂದ್ರ ಸಿಪಿಸಿಗೆ ಪ್ರಿಂಟ್ ತೆಗೆದು ಸಹಿ ಹಾಕಿ ಅಂಚೆಯಲ್ಲಿ ಕಳಿಸು, ಅದೂ ನಡೆಯುತ್ತೆ ಅಂದ ಸೀನ. ಪದ್ಮಕ್ಕನಿಗೆ ಅಷ್ಟು ತಾಳ್ಮೆ ಇರಲಿಲ್ಲ. "ದೊಡ್ಡವರ ಹತ್ತಿರ ಮಾತಾಡೋಕೆ ಒಂದು ರೀತಿ ಇರುತ್ತೆ. ನಂಬರ್ ಕೊಡಿಲ್ಲಿ" ಅಂದರು. ನನ್ನ ಫೋನಿನಲ್ಲಿ ಓಟಿಪಿಗೆ ಒತ್ತಿಸಿ, ತಮ್ಮ ಫೋನಿನಿಂದ ಅಪ್ಪನಿಗೆ ಕರೆ ಮಾಡಿದರು. ಸ್ಪೀಕರ್ ಆನ್.

"ನಮಸ್ಕಾರ ಯಜಮಾನರೇ. ನಾನು ಪದ್ಮ ಅಂತ, ಬ್ಯಾಂಕಿನಲ್ಲಿ ಕೆಲಸ ಮಾಡ್ತಿದ್ದೆ. ಈಗ ನಿಮಗೊಂದು ಓಟಿಪಿ ಬಂದಿರುತ್ತೆ..."

ಅಪ್ಪ ಫೋನ್ ಇಟ್ಟುಬಿಟ್ಟರು.